ಕಣ್ಣಳತೆಯ ಕಾರು

ಮಾರ್ಚ್ ೨

ಗುಂಡಿ,

ಈ ಕಾಗದವನ್ನು ನಿಂತು ಓದಬೇಡ, ಕೂತು ಓದು. ಪಕ್ಕದಲ್ಲಿ ಒಂದು ಲೋಟ ನೀರಿರಲಿ. ಈ ಬೀದಿಯ ಏಕೈಕ ಟೈಲರ್ ಮಾಸ್ಟರ್, ಹೊಲಿಗೆ ಯಂತ್ರಕ್ಕಿಂತ ದೊಡ್ಡ ಯಂತ್ರವನ್ನು ಈ ಜನ್ಮದಲ್ಲಿ ಕೊಂಡು ಗೊತ್ತಿಲ್ಲದ ನಿನ್ನ ಅಪ್ಪ, ಒಂದು ಕಾರು ಬುಕ್ ಮಾಡಿ ಬಂದಿದ್ದಾನೆ. ಹೊಚ್ಚ ಹೊಸದು. ಬಣ್ಣ ನೀಲಿ. ಶೋರೂಮಿನವರು ಆ ನೀಲಿಗೆ ಏನೋ ಮೂರು ಗೇಣು ಉದ್ದದ ಹೆಸರು ಹೇಳಿದರು. ಸ್ಕೂಲ್ ಚಡ್ಡಿಯ ನೀಲಿಯನ್ನು ನನಗೆ ಇನ್ನೊಬ್ಬರು ಹೇಳಿಕೊಡಬೇಕೇ?

ಫೋನಿನಲ್ಲಿ ಯಾಕೆ ಹೇಳಲಿಲ್ಲ ಎನ್ನುತ್ತೀಯ. ಫೋನಿನಲ್ಲಿ ನಾನು "ಊಟ ಆಯ್ತಾ" ಎಂದು ಕೇಳಿ ನಿನ್ನ ಅಮ್ಮನ ಕೈಗೆ ಕೊಟ್ಟುಬಿಡುವವನು ಎಂಬುದು ಲೋಕಪ್ರಸಿದ್ಧ. ಗಂಭೀರ ವಿಷಯಗಳಿಗೆ ನನಗೆ ಕಾಗದವೇ ಆಗಬೇಕು.

ಈ ವಯಸ್ಸಿನಲ್ಲಿ ಕಾರು ಯಾಕೆ? ನಿನ್ನ ಅಮ್ಮನೂ ಇದನ್ನೇ ಕೇಳಿದಳು. ಅವಳಿಗೆ "ಮಂಡಿ ನೋವು, ಬಸ್ ಹತ್ತೋಕೆ ಆಗಲ್ಲ" ಎಂದೆ. ನಿನಗೆ ನಿಜ ಹೇಳುತ್ತೇನೆ. ನಿನ್ನ ಮದುವೆಯ ದಿನ ಬೀಗರು ಸಾಲು ಕಾರುಗಳಲ್ಲಿ ಬಂದಿಳಿದರು. ನಾವು ಟ್ರಂಕು ಹೊತ್ತು ಬಸ್ಸಿನಿಂದ ಇಳಿದೆವು. ನಿನ್ನ ಅತ್ತೆ "ಅಯ್ಯೋ, ಬಸ್ಸಲ್ಲೇ ಬಂದ್ರಾ?" ಎಂದರು. ಪಾಪ, ಕನಿಕರದಿಂದಲೇ ಅಂದರು. ಆದರೆ ಆ "ಅಯ್ಯೋ" ಕಾಲರಿನಲ್ಲಿ ಮರೆತು ಉಳಿದ ಗುಂಡುಸೂಜಿಯಂತೆ ಇವತ್ತಿಗೂ ಕತ್ತು ತಿರುಗಿಸಿದಾಗಲೆಲ್ಲ ಚುಚ್ಚುತ್ತದೆ. ಇನ್ನು ಮುಂದೆ ನಿನ್ನ ಮನೆಗೆ ಬಂದರೆ ಗೇಟಿನ ಮುಂದೆ ಕಾರು ನಿಲ್ಲಿಸಿ, ಹಾರ್ನ್ ಒಂದೇ ಸಲ, ಅದೂ ಮೆಲ್ಲಗೆ ಒತ್ತಿ, ಇಳಿಯುತ್ತೇನೆ.

ಕಾರು ನಿಲ್ಲಿಸುವ ಜಾಗವೂ ತಯಾರಾಗುತ್ತಿದೆ. ನಮ್ಮ ಮನೆಗೂ ಬೇಕರಿಗೂ ನಡುವೆ ಅಂಗಡಿಯಲ್ಲಿ ಬಟ್ಟೆ ತೊಡಿಸುವ ಹಳೆಯ ಬೊಂಬೆಗಳನ್ನೂ ಮುರಿದ ಮೇಜನ್ನೂ ತುರುಕಿದ ಓಣಿ ಇತ್ತಲ್ಲ, ಅದಕ್ಕೇ ಸೂರು ಹಾಕಿಸಿ ಬಾಗಿಲಿಡಿಸುತ್ತಿದ್ದೇನೆ. ಗಾರೆಯವನು "ಮಾಸ್ಟ್ರೇ, ಒಂದ್ಸಲ ಟೇಪ್ ಹಿಡಿದು ನೋಡೋಣ" ಎಂದ. ನಗು ಬಂತು. ಹೆಗಲು ನೋಡಿ ಸೊಂಟ ಹೇಳುವವನು ನಾನು. ಮೈಗೆ ಟೇಪ್ ಸೋಕಿಸದೆ ಈ ಊರಿನ ಅರ್ಧ ಜನಕ್ಕೆ ಕೋಟು ಹೊಲಿದವನು. ಶೋರೂಮಿನಲ್ಲಿ ಕಾರಿನ ಸುತ್ತ ಒಂದು ಸುತ್ತು ಬಂದೆ, ಮನೆಗೆ ಬಂದು ಓಣಿ ನೋಡಿದೆ. "ಹಿಡಿಯುತ್ತೆ" ಎಂದೆ. ಹಿಡಿಯುತ್ತದೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು.

ಇಂತಿ,
ಕಾರಿನ ಭಾವೀ ಮಾಲೀಕ,
ನಿನ್ನ ಅಪ್ಪ


ಮಾರ್ಚ್ ೯

ಅಪ್ಪಾ,

ನೀರು ಕುಡಿದೇ ಓದಿದೆ. ತುಂಬ ಖುಷಿಯಾಯಿತು. ನೀವು ಡ್ರೈವಿಂಗ್ ಕಲಿಯಲು ಹೋಗುತ್ತಿದ್ದುದನ್ನು ಅಮ್ಮ ಫೋನಿನಲ್ಲಿ ಎಂದೋ ಹೇಳಿದ್ದಳು, "ಯಾರಿಗೂ ಹೇಳಬೇಡ, ನನಗೂ ಗೊತ್ತಿಲ್ಲ ಅಂದ್ಕೊಂಡಿದ್ದಾರೆ" ಎಂಬ ಷರತ್ತಿನ ಮೇಲೆ.

ಆದರೂ ಒಂದು ಸಲ ಟೇಪ್ ಹಿಡಿಯಬಹುದಿತ್ತು. ದಿನಕ್ಕೆ ಎಷ್ಟೋ ಕಣ್ಣುಗಳನ್ನು ಪರೀಕ್ಷೆ ಮಾಡುವವಳಾಗಿ ಹೇಳುತ್ತಿದ್ದೇನೆ: ಅರವತ್ತು ದಾಟಿದ ಯಾವ ಕಣ್ಣನ್ನೂ ಅಷ್ಟು ನಂಬಬಾರದು. ಕನ್ನಡಕದ ಅಂಗಡಿಗೆ ಬಂದು "ನನಗೆಲ್ಲ ಕಾಣುತ್ತೆ, ಹೆಂಡತಿ ಬಲವಂತಕ್ಕೆ ಬಂದೆ" ಎನ್ನುವ ಗಂಡಸರೆಲ್ಲ ದೊಡ್ಡ ಅಕ್ಷರಗಳ ಎರಡನೇ ಸಾಲಿನಲ್ಲೇ ಎಡವುತ್ತಾರೆ.

ಇನ್ನು ಮೇಲೆ ಕಾಗದಗಳನ್ನು ಅಂಗಡಿಯ ವಿಳಾಸಕ್ಕೇ ಬರೆಯಿರಿ. ಮನೆಯ ಕಡೆ ಟಪಾಲು ಸರಿಯಾಗಿ ಬರುತ್ತಿಲ್ಲ.

ಅಮ್ಮನಿಗೆ ಹೇಳಿ, ಅವಳು ಕಳಿಸಿದ ಹೊದಿಕೆ ತುಂಬ ಬೆಚ್ಚಗಿದೆ ಅಂತ.

ನಿಮ್ಮ
ಗುಂಡಿ


ಮಾರ್ಚ್ ೧೭

ಗುಂಡಿ,

ಕಾರು ಬಂತು. ಈಗ ವಿವರ. ಮಧ್ಯೆ ಮಧ್ಯೆ ನಗಬೇಡ. ನಗುವ ಕೆಲಸವನ್ನು ಬೀದಿಯವರು ಈಗಾಗಲೇ ಪೂರೈಸಿದ್ದಾರೆ.

ಶೋರೂಮಿನಲ್ಲಿ ನನಗೂ ನಿನ್ನ ಅಮ್ಮನಿಗೂ ಕಾರಿನಷ್ಟೇ ದೊಡ್ಡ ರಟ್ಟಿನ ಬೀಗದಕೈ ಹಿಡಿಸಿ ಫೋಟೋ ತೆಗೆದರು. ಅಲ್ಲಿ ಕೆಲಸ ಮಾಡುವವರೆಲ್ಲ ಬಂದು ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಜೀವನದಲ್ಲಿ ಮೊದಲ ಸಲ ನಾನು ಬಟ್ಟೆ ಹಾಕಿಕೊಂಡು ನಿಂತದ್ದಕ್ಕೆ ಚಪ್ಪಾಳೆ ಬಿತ್ತು. ಹೊಲಿದದ್ದಕ್ಕೆ ಎಂದೂ ಬಿದ್ದಿರಲಿಲ್ಲ. ಅಲ್ಲಿಂದ ಮನೆಯ ತನಕ ನಾನೇ ಓಡಿಸಿದೆ. ನಿನ್ನ ಅಮ್ಮ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕುಳಿತಿದ್ದಳು. ಧ್ಯಾನ ಮಾಡುತ್ತಿದ್ದೆ ಎನ್ನುತ್ತಾಳೆ.

ಬೀದಿಗೆ ಬೀದಿಯೇ ಕಾಯುತ್ತಿತ್ತು. ಬೇಕರಿಯವನು ಒಂದು ತಟ್ಟೆ ಬಿಸಿ ಬನ್ ಹಿಡಿದು ನಿಂತಿದ್ದ. ಜನರೆದುರು ನಾನು ಕಾರಿನ ಎರಡೂ ಕಿವಿ ಮಡಿಸಿ, ಒಂದೇ ಏಟಿಗೆ, ಗೋಡೆಗೆ ಉಗುರೂ ತಾಗದಂತೆ, ಓಣಿಯೊಳಗೆ ಸೇರಿಸಿಬಿಟ್ಟೆ. ಗುಂಡಿ, ಕಾರು ಆ ಜಾಗದಲ್ಲಿ ಹೇಗೆ ಕೂತಿತೆಂದರೆ, ಒಳ್ಳೆಯ ಕೈಯಲ್ಲಿ ಹೊಲಿದ ಕೋಟು ಮೈಮೇಲೆ ಕೂರುತ್ತದಲ್ಲ, ಹಾಗೆ. ಒಂದು ಸುಕ್ಕಿಲ್ಲ, ಒಂದು ಜೋಲಿಲ್ಲ. ಗಾರೆಯವನ ಕಡೆ ಕನ್ನಡಿಯಲ್ಲಿ ಒಂದು ನೋಟ ಬೀರಿದೆ.

ಆಗ ನಿನ್ನ ಅಮ್ಮ ಕಣ್ಣು ತೆರೆದಳು.

"ರೀ, ಬಾಗಿಲು ತೆಗೀರಿ."

"ನಿನ್ನ ಕಡೇದು ತೆಗಿ."

"ನನ್ನ ಕಡೆ ಬೇಕರಿ ಗೋಡೆ ಇದೆ."

"ನನ್ನ ಕಡೆ ನಮ್ಮನೆ ಗೋಡೆ ಇದೆ."

"ಮತ್ತೆ ಇಳಿಯೋದು ಎಲ್ಲಿಂದ?"

"ಇಳಿಯೋಕೆ ಅಂತ ಯಾರಾದ್ರೂ ಕಾರು ತಗೋತಾರೇನೇ?"

ಅವಳು ನನ್ನನ್ನು ನೋಡಿದ ನೋಟವನ್ನು ಕಾಗದದಲ್ಲಿ ಬರೆಯಲಾಗದು.

ಹಿಂದಕ್ಕೆ ತೆಗೆಯೋಣವೆಂದರೆ ಹಿಂದೆ ಇಡೀ ಬೀದಿ ನಿಂತಿದೆ, ನಾವು ಇಳಿಯುವುದನ್ನು ನೋಡಲು. ಬೇಕರಿಯವನು ಕೂಗಿದ: "ಮಾಸ್ಟ್ರೇ, ಇಳೀರಿ, ಬನ್ ಆರ್ತಾ ಇದೆ." ಗಾಜು ಇಳಿಸಿ ನಾನು ಹೇಳಿದೆ: "ಇರಪ್ಪ, ಸೀಟು ಬಹಳ ಚೆನ್ನಾಗಿದೆ, ಸ್ವಲ್ಪ ಕೂತಿರ್ತೀವಿ." ಕೂತೆವು. ರೇಡಿಯೋ ಹಾಕಿದೆವು. ಯಾವುದೋ ಕೃಷಿ ಕಾರ್ಯಕ್ರಮ ಬರುತ್ತಿತ್ತು, ಗೊಬ್ಬರದ ಬಗ್ಗೆ. ಅದನ್ನೂ ಪೂರ್ತಿ ಕೇಳಿದೆವು. ಕೊನೆಗೆ ಗಾರೆಯವನಿಗೇ ಮೊದಲು ಹೊಳೆಯಿತು. ಅವನು ಎರಡು ಕೈಗಳನ್ನೂ ಬಾಗಿಲು ತೆರೆಯುವಂತೆ ಅಗಲಿಸಿದ, ಗೋಡೆ ನೋಡಿದ, ಮತ್ತೆ ಮಡಚಿಕೊಂಡ. ಅಷ್ಟು ಸಾಕಾಯಿತು ಬೀದಿಗೆ.

ಕೋಟಿಗೆ ಉಸಿರಾಡುವಷ್ಟು ಸಡಿಲ ಬಿಡಬೇಕು ಎಂದು ಕೆಲಸ ಕಲಿಯಲು ಬಂದವರಿಗೆಲ್ಲ ಬುದ್ಧಿ ಹೇಳಿದವನು ನಾನು. ಕಾರಿಗೂ ಬಾಗಿಲೆಂಬುದು ಇರುತ್ತದೆ, ಅದು ಹೊರಕ್ಕೆ ತೆರೆಯುತ್ತದೆ ಎಂಬುದು ನೆನಪಾಗಲಿಲ್ಲ.

ಇರಲಿ, ಸಣ್ಣ ವಿಷಯ. ಏನಾದರೂ ಮಾಡೋಣ. ತಿಂಗಳ ಕೊನೆಗೆ ಕಾರಿನಲ್ಲೇ ನಿನ್ನ ಮನೆಗೆ ಬರುತ್ತೇವೆ, ಬೀಗರಿಗೆ ತಿಳಿಸಿರು. ಅವರ ಗೇಟಿನ ಮುಂದೆ ಜಾಗ ಧಾರಾಳವಾಗಿದೆ. ಅಲ್ಲಿ ಬಾಗಿಲು ತೆರೆಯುತ್ತದೆ.

ಇಂತಿ,
ವಾಹನಸಮೇತ,
ಅಪ್ಪ


ಮಾರ್ಚ್ ೨೪

ಅಪ್ಪಾ,

ಗೊಬ್ಬರದ ಕಾರ್ಯಕ್ರಮದ ಹತ್ತಿರ ಬಂದಾಗ ಅಂಗಡಿಯಲ್ಲಿ ನಗು ತಡೆಯಲಾಗದೆ ಗಿರಾಕಿಯೊಬ್ಬರಿಗೆ ಬೇರೆಯವರ ಕನ್ನಡಕ ಹಾಕಿಬಿಟ್ಟೆ. ಆಮೇಲೆ ಕೊನೆಯ ಸಾಲುಗಳನ್ನು ಓದಿದೆ.

ಆ ಮನೆಯ ಮುಂದೆ ಕಾರು ನಿಲ್ಲಿಸಲು ಬರಬೇಡಿ ಅಪ್ಪಾ. ನಾನು ಆ ಮನೆಯಲ್ಲಿಲ್ಲ.

ಅಂಗಡಿಯ ಹಿಂದಿನ ಬೀದಿಯಲ್ಲಿ ಹೆಂಗಸರ ಹಾಸ್ಟೆಲ್ ಒಂದಿದೆ. ರಾತ್ರಿ ಪಾಳಿಯ ನರ್ಸ್ ಒಬ್ಬಳ ಜೊತೆ ಕೋಣೆ ಹಂಚಿಕೊಂಡಿದ್ದೇನೆ. ಅವಳು ಮಲಗುವ ಹೊತ್ತಿಗೆ ನಾನು ಏಳುತ್ತೇನೆ. ಅಮ್ಮನ ಹೊದಿಕೆ ಇಬ್ಬರಿಗೂ ಆಗುತ್ತಿದೆ. ಅಂಗಡಿಯ ವಿಳಾಸ ಕೊಟ್ಟದ್ದು ಇದಕ್ಕೇ.

ಏನಾಯಿತು ಎಂದು ನೀವು ಕೇಳಿದರೆ ಹೇಳಲು ನನ್ನ ಹತ್ತಿರ ದೊಡ್ಡ ಕಥೆ ಇಲ್ಲ, ಅದೇ ಕಷ್ಟವಾಗಿರುವುದು. ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಮಾತಾಡುವುದನ್ನು ನಿಲ್ಲಿಸಿದರು. ಮೊದಲು ನಿಮ್ಮ ಅಳಿಯ, ಆಮೇಲೆ ಅವರನ್ನು ನೋಡಿ ಉಳಿದವರು. ಅಲ್ಲಿ ಊಟದ ಮೇಜಿಗೆ ಒಂದು ಕುರ್ಚಿ ನನ್ನದು ಅಂತ ಇತ್ತು. ಅದರ ಮೇಲೆ ಓದಿ ಮುಗಿಸಿದ ಪೇಪರುಗಳನ್ನು ಇಡಲು ಶುರು ಮಾಡಿದರು. ದಿನಾ ನಾನೇ ಎತ್ತಿ ಕೂರುತ್ತಿದ್ದೆ. ಒಂದು ದಿನ ಎತ್ತದೆ ನಿಂತೆ, ಯಾರಾದರೂ ಎತ್ತುತ್ತಾರೇನೋ ಎಂದು. ಎಲ್ಲರ ಊಟ ಮುಗಿಯಿತು. ನಿಮ್ಮ ಅಳಿಯನಿಗೆ ಹೇಳಿದರೆ "ನೀನು ಎಲ್ಲಾನೂ ದೊಡ್ಡದು ಮಾಡ್ತೀಯ" ಎಂದರು. ಅಷ್ಟು ದಿನಗಳಲ್ಲಿ ಅವರು ನನ್ನ ಜೊತೆ ಆಡಿದ ಎಲ್ಲಕ್ಕಿಂತ ಉದ್ದದ ವಾಕ್ಯ ಅದು.

ಬರೆದು ನೋಡಿದರೆ ನನಗೇ ನಾಚಿಕೆಯಾಗುತ್ತದೆ. ಪೇಪರಿನ ಕಟ್ಟಿಗೆ ಹೆದರಿ ಮನೆ ಬಿಟ್ಟು ಬಂದವಳು ಎನ್ನುತ್ತಾರೆ.

ಒಂದೇ ಒಂದು ಮಾತು ಕೇಳಬೇಕಿತ್ತು. ನಾನು ಮನೆಗೆ ಬರಬಹುದಾ?

ಗುಂಡಿ


ಏಪ್ರಿಲ್ ೬

ಗುಂಡಿ,

ನಿನ್ನ ಕಾಗದ ತಲುಪಿತು. ಓದಿದೆ. ಕಾರಿನ ವಿಷಯ ಅರ್ಧಕ್ಕೇ ನಿಂತಿತ್ತಲ್ಲ, ಅದನ್ನು ಪೂರ್ತಿ ತಿಳಿಸಿಬಿಡುತ್ತೇನೆ.

ಓಣಿಯನ್ನು ಅಗಲ ಮಾಡಲಾಗದು. ಒಂದು ಗೋಡೆ ಬೇಕರಿಯ ಭಟ್ಟಿಯದು, ಇನ್ನೊಂದರ ಮೇಲೆ ನಮ್ಮ ಇಡೀ ಮನೆ ನಿಂತಿದೆ. ಬೀದಿಯಲ್ಲಿ ನಿಲ್ಲಿಸಿದರೆ ನೀರಿನ ಲಾರಿ ಹೋಗಲಾರದು. ಆದ್ದರಿಂದ ಬಹಳ ಯೋಚಿಸಿ ಒಂದು ಪದ್ಧತಿ ಕಂಡುಹಿಡಿದೆ. ಮೊದಲು ನಿನ್ನ ಅಮ್ಮನನ್ನು ಬೀದಿಯಲ್ಲಿ ಇಳಿಸುವುದು. ಆಮೇಲೆ ನಾನೊಬ್ಬನೇ ಕಾರನ್ನು ಒಳಗೆ ಸೇರಿಸುವುದು. ಸೀಟಿನ ಪಕ್ಕದ ಸನ್ನೆ ಎಳೆದು ಡಿಕ್ಕಿ ತೆರೆಯುವುದು. ಹಿಂದಿನ ಸೀಟು ಮಡಿಸಿ, ತೆವಳಿಕೊಂಡು ಹೋಗಿ, ಡಿಕ್ಕಿಯಿಂದ ಕಾಲು ಮೊದಲು ಹೊರಗಿಡುವುದು. ತಲೆ ಮೊದಲಿಟ್ಟರೆ ಅಪಾಯ, ಒಂದು ಸಲ ನೋಡಿದ್ದೇನೆ.

ಸಂಜೆ ಎದುರು ಮನೆಯ ಪಿಂಚಣಿದಾರರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಬೇಕರಿಯವನು "ಮಾಸ್ಟ್ರೇ, ಸುಖಪ್ರಸವನಾ?" ಎಂದು ಕೇಳುತ್ತಾನೆ. ಅಂಗಡಿಗೆ ಬಂದ ಗಿರಾಕಿಗಳು ಮೊದಲಿನಂತೆ ಸುಮ್ಮನೆ ನಿಂತು ಕಣ್ಣಳತೆ ಕೊಡುತ್ತಿಲ್ಲ. "ಒಂದ್ಸಲ ಟೇಪ್ ಹಿಡೀರಿ ಮಾಸ್ಟ್ರೇ, ನಮಗೂ ಉಸಿರಾಡಬೇಕು" ಎನ್ನುತ್ತಾರೆ. ಮೊನ್ನೆ ಒಬ್ಬ ಹೊಲಿಯಲು ಕೊಟ್ಟ ಪ್ಯಾಂಟಿನ ಬಟ್ಟೆಯನ್ನೇ ಮೆಲ್ಲಗೆ ವಾಪಸ್ ಕೇಳಿದ. ಕೊಟ್ಟೆ. ಇಂಗು ತಿಂದ ಮಂಗನ ಹಾಗೆ ನಿಂತು ಕೊಟ್ಟೆ.

ಕಾರನ್ನು ಶೋರೂಮಿಗೇ ಒಪ್ಪಿಸಿಬಿಡೋಣ ಎಂದು ನಿನ್ನ ಅಮ್ಮ ಅಂದಳು. ಹೇಳುವುದು ಸುಲಭ. "ಹೊಲಿದ ಬಟ್ಟೆ ವಾಪಸ್ ಪಡೆಯುವುದಿಲ್ಲ" ಎಂದು ಅಂಗಡಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿಟ್ಟವನು, ಕೊಂಡ ಕಾರನ್ನು ವಾಪಸ್ ತೆಗೆದುಕೊಂಡು ಹೋಗಿ ಯಾವ ಮುಖದಲ್ಲಿ ನಿಲ್ಲಲಿ? ಹೋಗಲೇಬೇಕಾದರೆ ಯಾರೂ ನೋಡದಂತೆ ಹೋಗೋಣ ಎಂದು ತೀರ್ಮಾನಿಸಿದೆ. ಬೆಳಗಿನ ಜಾವ, ಬೀದಿ ಏಳುವ ಮೊದಲು, ಇಂಜಿನ್ ಹಾಕದೆ ಕಾರನ್ನು ಹಿಂದಿನಿಂದ ಎಳೆದು ಓಣಿಯ ಹೊರಗೆ ತಂದು, ನಿನ್ನ ಅಮ್ಮನನ್ನು ಕೂರಿಸಿ, ಹಿಂದಕ್ಕೆ ತಳ್ಳಿಕೊಂಡು ಮುಖ್ಯರಸ್ತೆಯ ತನಕ ಹೋಗುವುದು, ಅಲ್ಲಿ ಶುರು ಮಾಡುವುದು. ಎಲ್ಲ ಲೆಕ್ಕ ಹಾಕಿದ್ದೆ. ಬೇಕರಿಯವರು ಬೆಳಗಿನ ಜಾವ ಏಳುತ್ತಾರೆ ಎಂಬುದೊಂದನ್ನು ಬಿಟ್ಟು.

ನಾನು ಬಾನೆಟ್ಟಿಗೆ ಹೆಗಲು ಕೊಟ್ಟು ತಳ್ಳುತ್ತಿದ್ದೇನೆ, ನಿನ್ನ ಅಮ್ಮ ಒಳಗೆ ಸ್ಟೀರಿಂಗ್ ಹಿಡಿದು ಧ್ಯಾನದಲ್ಲಿದ್ದಾಳೆ, ಬೇಕರಿಯವನು ಹಿಟ್ಟಿನ ಕೈಯಲ್ಲಿ ಹೊರಗೆ ಬಂದವನು "ಮಾಸ್ಟ್ರ ಕಾರು ಕದೀತಿದ್ದಾರೆ" ಎಂದು ಬೊಬ್ಬೆ ಹೊಡೆದ. ನೋಡನೋಡುತ್ತ ಬೀದಿಯ ದೀಪಗಳೆಲ್ಲ ಹತ್ತಿದವು. ದೊಣ್ಣೆ ಹಿಡಿದು ಬಂದವರಿಗೆ ಸಿಕ್ಕಿದವನು ಮಾಸ್ಟರೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನಿಜವಾಗಿಯೂ ಹೆಗಲು ಒರೆಸಿಕೊಳ್ಳುತ್ತಿದ್ದೆ, ಬಾನೆಟ್ಟಿನ ಧೂಳು. "ಬೆಳಿಗ್ಗೆ ಸ್ವಲ್ಪ ತಳ್ಳಿದ್ರೆ ಗಾಡಿಗೆ ಒಳ್ಳೇದಂತೆ" ಎಂದೆ. ಎಲ್ಲರೂ ಪಾಪ, ಕೈ ಹಾಕಿ, ಮತ್ತೆ ಒಳಕ್ಕೇ ತಳ್ಳಿಕೊಟ್ಟು ಹೋದರು.

ಈಗ ಕಾರು ಒಳಗಿದೆ. ನಾವು ಹೊರಗಿದ್ದೇವೆ.

ನಿನ್ನ ಅಮ್ಮನಿಗೆ ನಿನ್ನ ಕಾಗದ ಇನ್ನೂ ತೋರಿಸಿಲ್ಲ. ಅವಳ ಕನ್ನಡಕ ಒಡೆದಿದೆ.

ಬಿಸಿಲು ಹೆಚ್ಚು. ಮೈ ಕಡೆ ನೋಡಿಕೊ.

ಇಂತಿ,
ಅಪ್ಪ


ಏಪ್ರಿಲ್ ೧೩

ಅಪ್ಪಾ,

ಕಾರಿನ ಬಗ್ಗೆ ನಾಲ್ಕು ಪುಟ ಬರೆದಿದ್ದೀರಿ. ನಾನು ಕೇಳಿದ್ದು ಒಂದು ಸಾಲು.

ಅಮ್ಮನ ಕನ್ನಡಕ ಒಡೆದಿಲ್ಲ. ಮಾಡಿಸಿಕೊಟ್ಟವಳು ನಾನು, ಅದೂ ಎರಡು ಜೊತೆ. ನಿನ್ನೆ ಫೋನಿನಲ್ಲಿ ಅವಳು ನನಗೆ ಪೇಪರಿನಲ್ಲಿ ಬಂದ ಜೋಕು ಓದಿ ಹೇಳಿದಳು. ನನಗೇನೂ ಗೊತ್ತಿಲ್ಲದವಳ ಹಾಗೆ ನಕ್ಕೆ. ನಾನೂ ನಿಮ್ಮ ಮಗಳೇ ತಾನೇ, ಹೊಲಿಗೆ ಬಿಟ್ಟ ಜಾಗ ಹೊರಗೆ ಕಾಣದಂತೆ ನಿಲ್ಲುವುದು ಬರುತ್ತದೆ.

ನಿಮ್ಮ ಕಷ್ಟ ಅರ್ಥವಾಗುತ್ತದೆ. ಡಿಕ್ಕಿಗೇ ಕುರ್ಚಿ ಹಾಕಿಕೊಂಡು ಕೂರುವ ಬೀದಿ ನನ್ನನ್ನು ನೋಡಲು ಬೆಂಚೇ ತರಿಸೀತು. ಅದಕ್ಕೆ ಹೀಗೆ ಮಾಡಬಹುದು ಅನ್ನಿಸಿತು. ರಾತ್ರಿ ಬಸ್ಸಿಗೆ ಬರುತ್ತೇನೆ. ಅದು ಬೀದಿ ಮಲಗಿದ ಮೇಲೆ ತಲುಪುತ್ತದೆ. ಸ್ವಲ್ಪ ದಿನ ಒಳಗೇ ಇರುತ್ತೇನೆ, ಕಿಟಕಿಯ ಹತ್ತಿರವೂ ಬರುವುದಿಲ್ಲ. ಯಾರಾದರೂ ಕೇಳಿದರೆ ರಜೆಗೆ ಬಂದಿದ್ದಾಳೆ ಅನ್ನಿ. ಆಮೇಲೆ ಮತ್ತೊಂದು ರಾತ್ರಿ ಹೊರಟುಬಿಡುತ್ತೇನೆ. ಅಮ್ಮನ ಅಡುಗೆ ಉಂಡು, ಒಂದೆರಡು ದಿನ ಸರಿಯಾಗಿ ನಿದ್ದೆ ಮಾಡಿದರೆ ಸಾಕು.

ಅದೂ ಆಗದಿದ್ದರೆ ಕಾಗದ ಬರೆಯಬೇಡಿ. ತಿಳಿದುಕೊಳ್ಳುತ್ತೇನೆ. ಕಾರಿನ ಬಗ್ಗೆ ಮಾತ್ರ ಇನ್ನು ಬರೆಯಬೇಡಿ ಅಪ್ಪಾ. ನನಗೆ ನಗು ಬರುತ್ತದೆ, ಬಂದ ಮೇಲೆ ಕಷ್ಟವಾಗುತ್ತದೆ.

ಗುಂಡಿ


ಏಪ್ರಿಲ್ ೧೯

ಗುಂಡಿ,

ಕಾರಿನ ಬಗ್ಗೆ ಬರೆಯಬೇಡ ಎಂದಿದ್ದೀಯ. ಕೊನೆಯ ಸಲ ಬರೆಯುತ್ತೇನೆ, ಯಾಕೆಂದರೆ ಇನ್ನು ಬರೆಯಲು ಕಾರಿಲ್ಲ.

ನಿನ್ನ ಕಾಗದ ಬಂದ ದಿನವೇ ಹೊರಟೆವು. ನಿನ್ನ ಅಮ್ಮ ಸುಮ್ಮನೆ ಬೀಗದಕೈ ತಂದು ಕತ್ತರಿಸುವ ಮೇಜಿನ ಮೇಲಿಟ್ಟಳು. "ಹಗಲಲ್ಲೇ ಹೋಗೋಣ. ಕದ್ದುಮುಚ್ಚಿ ಹೋಗಿದ್ದಕ್ಕೇ ಕಳ್ಳ ಅನ್ನಿಸ್ಕೊಂಡ್ರಿ" ಎಂದಳು. ಕಾಗದ ನನ್ನ ಅಂಗಿಯ ಜೇಬಿನಲ್ಲಿತ್ತು. ಅವಳಿಗೆ ಗೊತ್ತಿರಲಿಲ್ಲ. ಬೀದಿಯ ಎಲ್ಲರೆದುರು ಡಿಕ್ಕಿಯಿಂದ ಒಳಗೆ ತೆವಳಿ, ಕಾರು ಹೊರಗೆ ತೆಗೆದು, ಅವಳನ್ನು ಕೂರಿಸಿಕೊಂಡೆ. ಬೇಕರಿಯವನು "ಎಲ್ಲಿಗೆ ಸವಾರಿ?" ಎಂದ. "ಗಾಳಿ ಹಾಕ್ಸೋಕೆ" ಎಂದೆ. ಸುಳ್ಳು ನನ್ನ ನಾಲಿಗೆಗೆ ಅಷ್ಟು ರೂಢಿಯಾಗಿತ್ತು.

ಶೋರೂಮಿನಲ್ಲಿ ಬೇರೊಂದು ಕುಟುಂಬ ಹೊಸ ಕಾರು ಪಡೆಯುತ್ತಿತ್ತು. ಅದೇ ರಟ್ಟಿನ ಬೀಗದಕೈ, ಅದೇ ಚಪ್ಪಾಳೆ. ನಾವು ಪಕ್ಕದಲ್ಲಿ ನಿಜವಾದ ಬೀಗದಕೈ ಹಿಡಿದು, ಹೆಣ್ಣಿನ ಕಡೆಯ ಬಡ ನೆಂಟರ ಹಾಗೆ ನಿಂತಿದ್ದೆವು. ಆ ಮನೆಯ ಅಜ್ಜಿ ನಮ್ಮನ್ನೂ ಶೋರೂಮಿನವರೆಂದು ತಿಳಿದು "ನೀವೂ ತಟ್ಟಿ" ಎಂದರು. ತಟ್ಟಿದೆವು.

ಮ್ಯಾನೇಜರ್ ಒಳಗೆ ಕರೆದ. ಮುಖ ನೋಡಿದ ಮೇಲೆ ಗುರುತು ಹತ್ತಿತು, ಇವನ ಮದುವೆಯ ಕೋಟು ಹೊಲಿದವನು ನಾನೇ. ಬಿಗಿಯಾಯಿತು ಎಂದು ವಾಪಸ್ ತಂದಿದ್ದ. ನಾನು ಬೋರ್ಡು ತೋರಿಸಿ ಕಳಿಸಿದ್ದೆ.

"ಏನಿಲ್ಲ ಮಾಸ್ಟ್ರೇ," ಎಂದ, ನಾನು ಬಾಯಿ ತೆರೆಯುವ ಮೊದಲೇ. "ಉಸಿರು ಬಿಡದೆ ಮದುವೆ ಆದೆ. ಫೋಟೋದಲ್ಲಿ ಬಹಳ ಗಂಭೀರವಾಗಿ ಬಂದಿದ್ದೀನಿ. ನಮ್ಮ ಮಾವ ಆ ಫೋಟೋ ನೋಡಿನೇ ನನಗೆ ಗೌರವ ಕೊಡೋದು. ಹೇಳಿ, ಏನಾಗಬೇಕು?"

ಕಾರು ವಾಪಸ್ ಕೊಡಬೇಕು ಎಂದೆ. ಯಾಕೆ ಎಂದ. ಆಗ ಶುರುವಾಯಿತು ನನ್ನ ಹರಿಕಥೆ. ಬಣ್ಣ ಸ್ವಲ್ಪ ಗಾಢವಾಯಿತು ಎಂದೆ. ಬೇರೆ ಬಣ್ಣದ್ದು ಕೊಡೋಣ ಎಂದ. ಹಾರ್ನ್ ಕರ್ಕಶ ಎಂದೆ. ಬದಲಾಯಿಸೋಣ ಎಂದ. ಇವಳಿಗೆ ಕಾರಿನಲ್ಲಿ ತಲೆ ಸುತ್ತುತ್ತದೆ ಎಂದೆ. ಅವನು ಅನುಮಾನದಿಂದ ನಿನ್ನ ಅಮ್ಮನನ್ನು ನೋಡಿದ. ನಾನು ಮೇಜಿನ ಕೆಳಗೆ ಅವಳ ಕಾಲು ಒತ್ತಿದೆ.

"ನನಗೆ ತಲೆಗಿಲೆ ಏನೂ ಸುತ್ತಲ್ಲಪ್ಪ," ಎಂದಳು ನಿನ್ನ ಅಮ್ಮ. "ಇವರು ಅಳತೆ ತಪ್ಪಿದ್ರು. ಕಾರು ಸರಿಯಾಗಿದೆ, ಓಣಿಯೂ ಸರಿಯಾಗಿದೆ. ತಪ್ಪು ಇವರದ್ದೇ."

ಗುಂಡಿ, ಆ ಒಂದು ಮಾತು ಹೊರಗೆ ಬೀಳದಿರಲೆಂದು ನಾನು ಡಿಕ್ಕಿಯಲ್ಲಿ ತೆವಳಿದ್ದೆ, ಬೆಳಗಿನ ಜಾವ ಕಾರು ತಳ್ಳಿದ್ದೆ. ಈಗ ಅವಳು ಅದನ್ನು ಗಾಜಿನ ಕೋಣೆಯಲ್ಲಿ, ಟೀ ತಂದ ಹುಡುಗಿಯ ಎದುರಿಗೇ, ಮೇಜಿನ ಮೇಲೆ ಬಟ್ಟೆ ಹಾಸಿದ ಹಾಗೆ ಹಾಸಿಬಿಟ್ಟಳು. ನಾನು ಕಣ್ಣು ಮುಚ್ಚಿಕೊಂಡೆ. ಆಕಾಶ ಕಳಚಿ ಬೀಳುವುದನ್ನು ಕಾದೆ.

"ಹೌದಾ, ಸರಿ," ಎಂದ ಮ್ಯಾನೇಜರ್. ಡ್ರಾಯರ್ ಎಳೆದ. "ಒಂದ್ಸಲ ರಸ್ತೆಗಿಳಿದ ಗಾಡಿ, ಹೊಸದರ ಬೆಲೆ ಬರಲ್ಲ ಮಾಸ್ಟ್ರೇ, ಅದು ನಿಮಗೂ ಗೊತ್ತು. ಟೀ ತಗೊಳ್ಳಿ, ಆರುತ್ತೆ."

ಅಷ್ಟೇ. ಅವನು ನಗಲಿಲ್ಲ. ಟೀ ಹುಡುಗಿ ತಿರುಗಿ ಕೂಡ ನೋಡಲಿಲ್ಲ. ದುಡ್ಡಿನಲ್ಲಿ ಕೈ ಸ್ವಲ್ಪ ಸುಟ್ಟಿತು, ಅದು ಬೇರೆ ಮಾತು. ಹೊರಗೆ ಬಂದಾಗ ನಮ್ಮ ಬೆನ್ನ ಹಿಂದೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆವು. ಕಾಗದ ಎದೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿತ್ತು. ತೆಗೆದು ಅವಳ ಕೈಗೆ ಕೊಟ್ಟೆ. ಹಿಂದಿನದನ್ನೂ ಕೊಟ್ಟೆ. ಒಡೆಯದೇ ಇದ್ದ ಕನ್ನಡಕ ಹಾಕಿಕೊಂಡು ಅವಳು ಓದಿದಳು. ನಮ್ಮ ಬಸ್ಸು ಬಂತು, ಏಳಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟಳು.

"ನೀವು ಅವಳಿಗೆ ಕಾರಿನ ವಿಷಯ ಬರೆದ್ರಾ?" ಎಂದಳು.

ಹೂಂ ಎಂದೆ.

"ಅವಳು ಇದನ್ನ ಕೇಳಿದ ಮೇಲೆ?"

ಹೊರಟುಹೋದ ಬಸ್ಸಿನ ಕಡೆ ನೋಡುತ್ತ ಕುಳಿತೆ.

"ನೀವು ತಲೆ ತಗ್ಗಿಸೋ ಅಂಥದ್ದು ಅವಳೇನೂ ಮಾಡಿಲ್ಲ," ಎಂದಳು. ಆಮೇಲೆ ಮನೆ ತಲುಪುವ ತನಕ ಮಾತಾಡಲಿಲ್ಲ. ಗುಂಡಿ, ಮಾತಾಡದವರ ಪಕ್ಕದಲ್ಲಿ ಅಷ್ಟು ದೂರ ಕುಳಿತು ಬರುವುದು ಹೇಗಿರುತ್ತದೆ ಎಂದು ಆವತ್ತು ನೋಡಿದೆ. ಒಂದು ಬಸ್ ಪ್ರಯಾಣವನ್ನೇ ನನಗೆ ತಡೆಯಲಾಗಲಿಲ್ಲ. ಪೇಪರಿನ ಕಟ್ಟು ಸಣ್ಣ ವಿಷಯ ಎಂದು ಯಾರಾದರೂ ನಿನಗೆ ಹೇಳಿದರೆ ಅವರನ್ನು ನನ್ನ ಹತ್ತಿರ ಕಳಿಸು.

ಈಗ ಹೇಳಬೇಕಾದ ಮಾತು. ನಿನ್ನ ಕಾಗದ ಓದಿದಾಗ ನನಗೆ ಮೊದಲು ಕಣ್ಣ ಮುಂದೆ ಬಂದದ್ದು ನಿನ್ನ ಮುಖವಲ್ಲ, ಬೇಕರಿಯವನ ಮುಖ. ಇದನ್ನು ಬರೆಯದೆ ಹಾರಿಸಿಬಿಡಬಹುದಿತ್ತು. ಕಾರಿನ ನಾಲ್ಕು ಪುಟ ಬರೆದದ್ದೂ ಅದಕ್ಕೇ. ನನ್ನ ಮೇಲೆ ನಾನೇ ಜೋಕು ಮಾಡುತ್ತಾ ಹೋದರೆ, ನೀನು ನಗುತ್ತಾ ನಿನ್ನ ಪ್ರಶ್ನೆ ಮರೆತುಬಿಡುತ್ತೀಯ ಎಂದುಕೊಂಡೆ. ಕಿಟಕಿಯ ಹತ್ತಿರವೂ ಬರುವುದಿಲ್ಲ ಎಂದು ನೀನು ಬರೆಯುವಂತೆ ಮಾಡಿದವನು ನಾನು. ಕಾರಿನ ವಿಷಯದಲ್ಲಿ ನನಗೆ ಆದದ್ದು ನಾಚಿಕೆಯೇ ಅಲ್ಲ ಎಂದು ಈಗ ತಿಳಿಯುತ್ತಿದೆ. ನಾಚಿಕೆ ಅಂದರೆ ಇದು.

ಇವತ್ತು ಬೆಳಿಗ್ಗೆ ಬೇಕರಿಗೆ ಹೋದೆ. ಅವನು ಮೊಣಕೈ ತನಕ ಹಿಟ್ಟಿನಲ್ಲಿದ್ದ. ಮೊದಲು ಕಾರಿನ ವಿಷಯವೇ ಎತ್ತಿದ.

"ಗಾಳಿ ಹಾಕ್ಸೋಕೆ ಹೋದ ಗಾಡಿ ಹಾರಿಹೋಯ್ತಾ ಮಾಸ್ಟ್ರೇ?"

"ವಾಪಸ್ ಕೊಟ್ಟೆ. ಅಳತೆ ತಪ್ಪಿದ್ದೆ," ಎಂದೆ. "ಅದಿರಲಿ. ನನ್ನ ಮಗಳು ಆ ಮನೆ ಬಿಟ್ಟಿದ್ದಾಳೆ. ಇಲ್ಲಿಗೆ ಬರ್ತಾಳೆ. ಇರೋಕೆ."

ಇದನ್ನು ಮನೆಯಲ್ಲಿ ಗೋಡೆಯ ಮುಂದೆ ನಿಂತು ಹೇಳಿ ನೋಡಿಕೊಂಡಿದ್ದೆ. ಆದರೂ "ಇರೋಕೆ" ಎನ್ನುವಾಗ ಅವನ ಮುಖ ಬಿಟ್ಟು ಹಿಟ್ಟಿನ ಕಡೆ ನೋಡಿದೆ. ಅವನು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. ಒಂದು ಮಗುಚು ಮಗುಚಿದ, ಇನ್ನೊಂದು ಮಗುಚಿದ. ಏನಾದರೂ ಚುಚ್ಚುಮಾತು ಬರುತ್ತದೆ ಎಂದು ನಾನು ಭುಜ ಗಟ್ಟಿ ಮಾಡಿಕೊಂಡು ನಿಂತೆ.

"ಯಾವ ಬಸ್ಸಿಗೆ?" ಎಂದ.

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೇನು? ಅಪ್ಪ ತಾನೇ ನೀವು? ಲಗೇಜ್ ಇರುತ್ತೆ, ಇಬ್ಬರು ಬೇಕಾಗುತ್ತೆ. ಕೇಳಿ ಹೇಳಿ ನನಗೆ."

ಅದಕ್ಕೇ ಕೇಳುತ್ತಿದ್ದೇನೆ. ಯಾವ ಬಸ್ಸು? ರಾತ್ರಿಯದಂತೂ ಬೇಡ. ಹಗಲಿನದರಲ್ಲಿ ಬಾ, ಬೀದಿಯ ಎಲ್ಲ ಅಂಗಡಿಗಳೂ ತೆರೆದಿರುವಾಗ. ನಾನೂ ನಿನ್ನ ಅಮ್ಮನೂ ನಿಲ್ದಾಣದಲ್ಲಿರುತ್ತೇವೆ. ಅಲ್ಲಿಂದ ಮನೆಗೆ ನಡೆದೇ ಬರೋಣ, ಬೀದಿಯ ನಡುವೆ.

ಬಸ್ಸು ಯಾವುದೆಂದು ಬೇಗ ಬರೆ. ಅವನು ಆಗಲೇ ಎರಡು ಸಲ ಬಂದು ಕೇಳಿ ಹೋದ.

ಅಪ್ಪ